ಅತ್ತೆಯ ಎಡೆಗೆ ತಿರಾಮಿಸು

ನಮ್ಮ ಅತ್ತೆಯ ಎಡೆಗೆ ಚಾ ಇಟ್ಟರು. ಚಾ! ನಾನು ಒಳಗೆ ವಡೆ ಕರಿಯುತ್ತಿದ್ದೆ. ಆರತಿ ತಟ್ಟೆ ಹಿಡಿದು ನಡುಮನೆಗೆ ಬಂದು ನೋಡುತ್ತೇನೆ, ಮಾವನ ಫೋಟೋದ ಮುಂದೆ ಒಂದು ಲೋಟ ಚಾ, ಅತ್ತೆಯ ಫೋಟೋದ ಮುಂದೆ ಇನ್ನೊಂದು ಲೋಟ ಚಾ. ಎರಡೂ ಹಬೆಯಾಡುತ್ತಿದ್ದವು. ನನಗೆ ಪಿತ್ತ ನೆತ್ತಿಗೇರಿತು.

ನಮ್ಮದು ಹೊನ್ನಾಳಿ. ನಮ್ಮ ಭಾವ ಮತ್ತು ನನ್ನ ಗಂಡ, ಅಣ್ಣತಮ್ಮಂದಿರಿಬ್ಬರ ಒಟ್ಟು ಮನೆ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡುತ್ತೇವೆ. ತೀರಿಕೊಂಡವರ ಫೋಟೋ ಸಾಲಾಗಿ ಇಟ್ಟು, ಹೊಸ ಪಂಚೆ, ಸೀರೆ ಇಟ್ಟು, ಒಬ್ಬೊಬ್ಬರ ಮುಂದೆ ಒಂದೊಂದು ಬಾಳೆಎಲೆ ಹಾಕಿ, ಅವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸುತ್ತೇವೆ. ಅದೇ ಎಡೆ. ಹೀಗೆ ಚಾ ಇಟ್ಟದ್ದು ಹೋದ ವರ್ಷದ ಹಬ್ಬದಲ್ಲಿ, ಅತ್ತೆ ಹೋದಮೇಲೆ ಬಂದ ಮೊದಲನೆಯದು.

ಮಾವನ ಎಡೆಯಲ್ಲಿ ಏನುಂಟು ಏನಿಲ್ಲ! ಅವರು ಸೇದುತ್ತಿದ್ದ ಬೀಡಿಯದೇ ಕಟ್ಟು, ಬೆಂಕಿಪೊಟ್ಟಣ, ನಶ್ಯದ ಡಬ್ಬಿ, ಬಸ್ ಸ್ಟ್ಯಾಂಡ್ ಹತ್ತಿರದ ಗಾಡಿಯಿಂದ ತಂದ ಮಂಡಕ್ಕಿ ಮೆಣಸಿನಕಾಯಿ. ಅದೇ ಗಾಡಿಯದು ಆಗಬೇಕು, ಬೇರೆಯದು ನಡೆಯುವುದಿಲ್ಲ. ಅದಕ್ಕೋಸ್ಕರ ಭಾವ ಬೈಕು ತೆಗೆದುಕೊಂಡು ಹೋಗಿ, ಜನರ ನಡುವೆ ಕಾದು ನಿಂತು ತರುತ್ತಾರೆ. ಅಪ್ಪನ ನಾಲಿಗೆಯ ರುಚಿ ಇಷ್ಟು ನೆನಪಿರುವ ಮಗ, ಅವ್ವನ ಎಡೆಗೆ ಹೋಳಿಗೆ, ಅನ್ನ, ಸಾರು ಬಡಿಸಿ, ಕೈಗೆ ಸಿಕ್ಕ ಚಾ ಲೋಟ ಇಟ್ಟು ಕೈ ತೊಳೆದುಕೊಂಡಿದ್ದರು.

"ಅತ್ತೆಗೆ ಚಾ ಯಾಕೆ ಇಟ್ರಿ ಭಾವ?" ಅಂದೆ.

"ಅಪ್ಪಾಜಿಗೆ ಇಟ್ವಲ್ಲ, ಅವ್ವಗೂ ಇಟ್ವಿ. ಜೋಡಿ ಇಡಬೇಕಲ್ವೇನಮ್ಮ?"

"ಅವ್ರಿಗೆ ಚಾ ಸೇರ್ತಿರಲಿಲ್ಲ."

"ಸೇರ್ತಿರಲಿಲ್ಲ ಅಂದ್ರೆ? ದಿನಾ ಕುಡೀತಿದ್ಲಲ್ಲ!"

ದಿನಾ ಕುಡಿಯುತ್ತಿದ್ದರು, ನಿಜ. ಯಾಕೆ ಕುಡಿಯುತ್ತಿದ್ದರು ಎಂದು ಹೆತ್ತ ಮಕ್ಕಳಿಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ಅತ್ತೆಯ ತವರು ಚನ್ನಗಿರಿ. ಅಲ್ಲಿ ಬೆಳಗಾದರೆ ಕಾಫಿ. ಮಕ್ಕಳಿಗೂ ಅರ್ಧ ಲೋಟ ಸಿಗುತ್ತಿತ್ತಂತೆ. ಮದುವೆಯಾಗಿ ಈ ಮನೆಗೆ ಕಾಲಿಟ್ಟರೆ ಇಲ್ಲಿ ಬರೀ ಚಾ. ಹೊಸ ಸೊಸೆ ಬಾಯಿಬಿಟ್ಟು ಕಾಫಿ ಕೇಳಿದ್ದಕ್ಕೆ ಅವರ ಅತ್ತೆ, "ನಿನ್ನೊಬ್ಬಳಿಗೋಸ್ಕರ ಬ್ಯಾರೆ ಪುಡಿ ತರಾಕೆ ಆಗತೈತೇನು?" ಅಂದರಂತೆ. ಅಷ್ಟೇ. ಮತ್ತೆ ಅವರು ಕೇಳಲಿಲ್ಲ. ತವರಿಗೆ ಹೋದಾಗ ಕುಡಿದು ಬರುತ್ತಿದ್ದರು. ತವರಿನ ಹಿರಿಯರು ಹೋದಮೇಲೆ ಅದೂ ನಿಂತಿತು. ಆ ಅತ್ತೆ ಹೋಗಿ, ಅಡುಗೆಮನೆ ಇವರ ಕೈಗೇ ಬಂದಾಗಲೂ ಕಾಫಿ ಪುಡಿ ಮಾತ್ರ ಈ ಮನೆಯ ಬಾಗಿಲು ದಾಟಲಿಲ್ಲ. "ಈಗಾದ್ರೂ ತರಿಸ್ಬಹುದಿತ್ತಲ್ಲತ್ತೆ" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಯಾರ ಹತ್ರ ಹೇಳಾನ, ಬಿಡು" ಅಂದಿದ್ದರು.

ಅವರು ಹೋಗುವ ಹಿಂದಿನ ವರ್ಷ ಕಣ್ಣು ತೋರಿಸಲು ದಾವಣಗೆರೆಗೆ ಹೋಗಿದ್ದೆವು, ಅವರೂ ನಾನೂ. ಕಣ್ಣಿಗೆ ಔಷಧಿ ಬಿಟ್ಟು ಹೊರಗೆ ಕಾಯಿರಿ ಅಂದರು. ಪಕ್ಕದಲ್ಲೇ ಗಾಜಿನ ಬಾಗಿಲಿನ ಕಾಫಿ ಅಂಗಡಿ. ತಂಪಾಗಿ ಕೂರಬಹುದು ಎಂದು ಒಳಗೆ ಕರೆದುಕೊಂಡು ಹೋದೆ. ಅವರು ಸೆರಗು ಸರಿಮಾಡಿಕೊಂಡು ಕುರ್ಚಿಯ ತುದಿಯಲ್ಲಿ ಕೂತರು. ಗಾಜಿನ ಪೆಟ್ಟಿಗೆಯಲ್ಲಿ ಚೌಕಾಕಾರದ್ದೊಂದು ಸಿಹಿ ಇತ್ತು. ಕೆಳಗೆ ತಿರಾಮಿಸು ಎಂದು ಹೆಸರು, ಕಾಫಿಯಲ್ಲಿ ಮಾಡಿದ ಇಟಲಿಯ ಸಿಹಿ ಎಂದು ವಿವರ. ಕಾಫಿ ಎಂದಿತ್ತಲ್ಲ, ಅದನ್ನೇ ಕೊಡಿ ಅಂದೆ.

ಔಷಧಿ ಬಿಟ್ಟ ಕಣ್ಣಿಗೆ ಏನೂ ಸರಿಯಾಗಿ ಕಾಣದು. ಚಮಚ ಕೈಗಿಟ್ಟೆ. ಒಂದು ಬಾಯಿ ತಿಂದು ಚಮಚ ಕೆಳಗಿಟ್ಟರು. ಹಿಡಿಸಲಿಲ್ಲವೇನೋ ಅಂದುಕೊಂಡೆ.

"ಏನೇ ಇದು?" ಅಂದರು. "ಕಾಫಿನ ಇದರಾಗೆ ಯಾಕೆ ಬಚ್ಚಿಟ್ಟಾರೆ?"

ಆಮೇಲೆ ನನ್ನ ಪಾಲನ್ನೂ ಅವರೇ ತಿಂದರು. ಬಸ್ಸಿನಲ್ಲಿ ವಾಪಸು ಹೊರಟೆವು. ಊರು ಹತ್ತಿರ ಬಂದಾಗ ನನ್ನ ಮೊಣಕೈ ತಿವಿದು ಮೆಲ್ಲಗೆ ಕೇಳಿದರು: "ಅದನ್ನ ಮನ್ಯಾಗೆ ಮಾಡಾಕೆ ಬರತೈತಾ?"

ನನ್ನ ಮದುವೆಯಾದಾಗಿನಿಂದ ಆ ಹೆಂಗಸು ನನ್ನ ಹತ್ತಿರ ಬಾಯಿಬಿಟ್ಟು ಇದು ಬೇಕು ಎಂದದ್ದು ಅದೊಂದೇ. ಬರದೇ ಏನು, ಬರಿಸಿಯೇ ಬಿಡುತ್ತೇನೆ ಎಂದು ಹಟ ಹಿಡಿದೆ.

ಫೋನಿನಲ್ಲಿ ಹುಡುಕಿ ನೋಡಿದೆ. ಇಟಲಿಯವರು ಅದಕ್ಕೆ ಹಸಿ ಮೊಟ್ಟೆಯ ಹಳದಿ ಹಾಕುತ್ತಾರೆ, ಸಾಲದ್ದಕ್ಕೆ ಒಂದಿಷ್ಟು ಮದ್ಯ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಅವೆರಡನ್ನೂ ಇಟಲಿಯಲ್ಲೇ ಬಿಟ್ಟೆ. ಮಸ್ಕಾರ್ಪೋನೆ ಅಂತ ಗಟ್ಟಿ ಕೆನೆ ಬೇಕಂತೆ. ಹೊನ್ನಾಳಿಯಲ್ಲಿ ಅದನ್ನು ಯಾವ ಅಂಗಡಿಯಲ್ಲಿ ಕೇಳಲಿ? ಎಮ್ಮೆ ಹಾಲಿನ ಕೆನೆ ಕೂಡಿಟ್ಟೆ. ಸಣ್ಣ ಉರಿಯಲ್ಲಿ ಬಿಸಿಮಾಡಿ, ನಿಂಬೆಹಣ್ಣು ಹಿಂಡಿ, ತೆಳ್ಳನೆ ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನ ಒಳಗೆ ಪಾತ್ರೆಯ ಮೇಲೆ ನೇತುಹಾಕಿದೆ. ನೀರೆಲ್ಲ ಇಳಿದಮೇಲೆ ಬೆಣ್ಣೆಗೂ ಮೊಸರಿಗೂ ನಡುವಿನದೊಂದು ಸಿಕ್ಕಿತು. ಪುಡಿ ಸಕ್ಕರೆ ಹಾಕಿ ಕಡೆದರೆ ಎಷ್ಟು ನುಣುಪು! ಅವರು ಹೇಳುವ ಉದ್ದನೆಯ ಬಿಸ್ಕತ್ತಿನ ಬದಲು ನನ್ನ ತವರು ನ್ಯಾಮತಿಯ ಬೇಕರಿಯಿಂದ ರಸ್ಕ್ ತರಿಸಿದೆ. ಕಾಫಿ ಪುಡಿ ತಂದೆ, ಸ್ಟೀಲಿನ ಫಿಲ್ಟರ್ ತಂದೆ. ಕಡೆಗೂ ಈ ಮನೆಯ ಬಾಗಿಲು ದಾಟಿ ಕಾಫಿ ಪುಡಿ ಬಂತು.

ಮೊದಲ ಸಲ ಹಾಳಾಯಿತು. ಬಿಸಿ ಡಿಕಾಕ್ಷನ್ನಿನಲ್ಲಿ ರಸ್ಕ್ ಅದ್ದಿದೆ, ಎತ್ತುವಷ್ಟರಲ್ಲಿ ಕರಗಿ ಅಂಬಲಿಯಾಯಿತು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಸರಿ ಆಕಡೆ. ಡಿಕಾಕ್ಷನ್ ಆರ್ಲಿ ಮೊದ್ಲು. ರಸ್ಕನ್ನ ಈಜಾಡಿಸ್ಬ್ಯಾಡ, ಮುಟ್ಟಿಸಿ ಎತ್ತು."

ಅಲ್ಲಿಂದ ಮುಂದೆ ಅದ್ದುವ ಕೆಲಸ ಅವರದೇ. ಅಗಲದ ಸ್ಟೀಲ್ ಡಬ್ಬಿಯಲ್ಲಿ ಒಂದು ಸಾಲು ರಸ್ಕ್, ಅದರ ಮೇಲೆ ಕೆನೆ, ಮತ್ತೆ ರಸ್ಕ್, ಮತ್ತೆ ಕೆನೆ. ಮೇಲೆ ಚಾ ಸೋಸುವ ಜರಡಿಯಲ್ಲಿ ಕೋಕೋ ಪುಡಿ ಉದುರಿಸುವುದು. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ಕೂರಬೇಕು. ಆಗಲೇ ರಸ್ಕ್ ಕಾಫಿ ಕುಡಿದು ಮೆತ್ತಗಾಗಿ, ಕೆನೆ ಬಿಗಿದು, ಚಮಚ ಇಟ್ಟರೆ ಹಿಡಿದು ನಿಲ್ಲುತ್ತದೆ. ಬೆಳಿಗ್ಗೆ ಅತ್ತೆ ಮುಖ ತೊಳೆದವರೇ ಡಬ್ಬಿ ತೆಗೆಯುತ್ತಿದ್ದರು. ಬಟ್ಟಲು ತುಂಬ ಹಾಕಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತು, ಯಾರಿಗೂ ಕಾಯದೆ, ಯಾರನ್ನೂ ಕರೆಯದೆ ತಿನ್ನುತ್ತಿದ್ದರು. ನನ್ನ ಗಂಡನಿಗೂ ಭಾವನಿಗೂ ರುಚಿ ನೋಡಲು ಕೊಟ್ಟರೆ, "ಕಹಿ ಐತಲ್ಲ, ಸಕ್ರೆ ಮರ್ತ್ರೇನು?" ಎಂದು ಮುಖ ಕಿವುಚಿದರು. ಒಳ್ಳೆಯದೇ ಆಯಿತು ಅಂದುಕೊಂಡೆವು ಅತ್ತೆ ಸೊಸೆ ಇಬ್ಬರೂ.

ಹೃದಯದ ತೊಂದರೆ ಹೆಚ್ಚಾಗಿ ಬೇಸಿಗೆಯಲ್ಲಿ ಅತ್ತೆ ಹೋದರು. ಹಬ್ಬದಲ್ಲಿ ಅವರ ಎಲೆಯ ಮೇಲೆ ಚಾ ಬಂತು. ಆ ಲೋಟ ನೋಡಿದ ದಿನವೇ ನಿಶ್ಚಯಿಸಿದ್ದೆ, ಮುಂದಿನ ವರ್ಷ ಆ ಎಲೆಯ ಮೇಲೆ ತಿರಾಮಿಸು ಇಡದಿದ್ದರೆ ನಾನು ಈ ಮನೆಯ ಸೊಸೆಯೇ ಅಲ್ಲ ಎಂದು.

ಈ ವರ್ಷ ಅಮಾವಾಸ್ಯೆಯ ಹಿಂದಿನ ಸಂಜೆ ಮೈತೊಳೆದುಕೊಂಡು, ಒಲೆ ಸಾರಿಸಿ, ಅದನ್ನು ಮಾಡಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಮೊದಲ ಬಸ್ಸಿಗೆ ಜಗಳೂರಿನಿಂದ ಸಣ್ಣತ್ತೆ ಬಂದರು. ಸಣ್ಣತ್ತೆ ಅಂದರೆ ಮಾವನ ತಂಗಿ. ಹಬ್ಬದ ಶಾಸ್ತ್ರವೆಲ್ಲ ಅವರ ಬಾಯಲ್ಲಿ. ಅವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಕೈಕಾಲು ತೊಳೆದು ಮಜ್ಜಿಗೆಗೆಂದು ಫ್ರಿಜ್ ತೆಗೆದರು.

"ಇದೇನವ್ವ ಡಬ್ಬ್ಯಾಗೆ?"

"ಅತ್ತೆ ಎಡೆಗೆ ಮಾಡಿದ್ದು ಸಣ್ಣತ್ತೆ. ಕಾಫಿ ಸಿಹಿ. ಅವ್ರಿಗೆ ಭಾಳ ಇಷ್ಟ ಇತ್ತು."

"ಯಾವಾಗ ಮಾಡಿದ್ದು?"

"ನಿನ್ನೆ ಸಂಜೆ."

"ನಿನ್ನೇದಾ? ಅಯ್ಯೋ ಶಿವನೇ! ಹಿರಿಯರಿಗೆ ತಂಗಳು ಇಡ್ತೀಯೇನೇ? ಅಮಾಸಿ ದಿನ ಸ್ನಾನ ಮಾಡಿ ಬಿಸಿಬಿಸಿ ಮಾಡಿದ್ದೇ ಎಡೆಗೆ ಬರಾದು."

"ಅದು ರಾತ್ರಿಯೆಲ್ಲ ಕೂತ್ರೇನೇ ಆಗೋದು ಸಣ್ಣತ್ತೆ. ಇವತ್ತು ಮಾಡಿ ಇವತ್ತೇ ಇಡಾಕೆ ಆಗಲ್ಲ."

"ಹಂಗಾದ್ರೆ ಅದು ಎಡೆ ಪದಾರ್ಥನೇ ಅಲ್ಲ. ಮುಗೀತು."

"ಎಡೆಗೆ ಮೊಸರು ಇಡ್ತೀವಲ್ಲ, ಅದೂ ನಿನ್ನೆ ಹೆಪ್ಪು ಹಾಕಿದ್ದೇ ಅಲ್ವಾ?"

"ಮೊಸರು ಮೊಸರು. ಎದುರು ಮಾತಾಡ್ಬ್ಯಾಡ."

ಹೋಳಿಗೆ ಬೇಯಿಸುತ್ತಿದ್ದ ನನ್ನ ಓರಗಿತ್ತಿ ತಲೆ ಎತ್ತಲಿಲ್ಲ. ನಾನು ಗಂಡನ ಹತ್ತಿರ ಹೋದೆ. "ನಿಮ್ಮ ಅವ್ವನ ಎಡೆ ಕಣ್ರೀ, ನೀವಾದ್ರೂ ಒಂದು ಮಾತು ಹೇಳ್ರಿ" ಅಂದೆ. ಅವರು ಪಂಚೆ ಸರಿಮಾಡಿಕೊಳ್ಳುತ್ತಾ, "ನೀ ಹೇಳೋದೂ ಸರಿನೇ, ಸಣ್ಣತ್ತೆ ಹೇಳೋದೂ ಸರಿನೇ" ಅಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನನ್ನ ಗಂಡನನ್ನು ಮೀರಿಸುವವರಿಲ್ಲ. ಭಾವ ಮಾತ್ರ ಪಂಚಾಯ್ತಿ ಮುಗಿಸಲು ಬಂದರು: "ಅದಕ್ಯಾಕಮ್ಮ ಇಷ್ಟು ರಾದ್ಧಾಂತ? ಅವ್ವಗೆ ಕಾಫಿ ತಾನೇ ಬೇಕು? ಒಂದು ಲೋಟ ಬಿಸಿ ಕಾಫಿ ಇಟ್ರಾತು."

ಒಂದು ಲೋಟ ಬಿಸಿ ಕಾಫಿ! ಎಷ್ಟು ಸುಲಭವಾಗಿ ಬಂತು ಬಾಯಲ್ಲಿ. ಆ ಒಂದು ಲೋಟಕ್ಕೆ ಆ ಜೀವ ಮದುವೆಯಾದ ದಿನದಿಂದ ಬಾಯಿ ಕಟ್ಟಿಕೊಂಡು ಬದುಕಿತ್ತು. ಉಸಿರಿದ್ದಾಗ ಯಾರಿಗೂ ಹೊಳೆಯದ ಲೋಟ, ಫೋಟೋ ಆದಮೇಲೆ ಹೊಳೆಯಿತು. ನಾನು ಹಲ್ಲು ಕಡಿದುಕೊಂಡು ಸುಮ್ಮನೆ ಒಳಗೆ ಬಂದೆ. ಬಾಯಿಬಿಟ್ಟರೆ ಹಬ್ಬ ಕೆಡುತ್ತಿತ್ತು.

ಆದರೂ ಕೆಟ್ಟಿತು. ಯಾಕೆಂದರೆ ಅಷ್ಟರಲ್ಲಿ ಭಾವ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಂದರು. ಪೇಪರಿಗೆಲ್ಲ ಎಣ್ಣೆ ಅಂಟಿತ್ತು. ಸಣ್ಣತ್ತೆ ಅದನ್ನು ಎರಡು ಕೈಯಲ್ಲಿ ಇಸಿದುಕೊಂಡು, ಮಾವನ ಎಲೆಯ ಮೇಲೆ ಮೆಣಸಿನಕಾಯಿ ಒಂದೊಂದಾಗಿ ಜೋಡಿಸಿ, "ನಮ್ಮಣ್ಣಗೆ ಇದಂದ್ರೆ ಪ್ರಾಣ" ಎಂದು ಕಣ್ಣು ಒರೆಸಿಕೊಂಡರು.

"ಸಣ್ಣತ್ತೆ, ಆ ಗಾಡಿಯವನು ಸ್ನಾನ ಮಾಡಿ ಕರ್ದಿದ್ನಾ, ಕೇಳಿದ್ರಾ?" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಆ ಎಣ್ಣೆ ಯಾವತ್ತಿಂದು? ಆ ಮಂಡಕ್ಕಿ ಯಾವತ್ತು ಹುರ್ದಿದ್ದು? ಮಾವನ ಬಾಯಿಗೆ ಬೇಕಾದ್ದಕ್ಕೆ ಮಡಿನೂ ಇಲ್ಲ, ತಂಗಳೂ ಇಲ್ಲ. ಅತ್ತೆಗೆ ಬೇಕಾದ್ದು ಬಂದ ಕೂಡ್ಲೇ ಎಲ್ಲಾ ಶಾಸ್ತ್ರ ನೆನಪಾಗತೈತಾ?"

"ಏಯ್, ಮೆಲ್ಲಗೆ ಮಾತಾಡೇ" ಅಂದರು ನನ್ನ ಗಂಡ.

"ಯಾಕೆ ಮೆಲ್ಲಗೆ? ಅತ್ತೆ ಬದುಕಿರೋವರೆಗೂ ಬೆಳಿಗ್ಗೆ ಎದ್ದು ಏನು ತಿಂತಿದ್ರು, ಗೊತ್ತೇನ್ರೀ ನಿಮಗೆ? ರಾತ್ರಿ ಉಳಿದ ಮುದ್ದೆ. ರಾತ್ರಿ ಉಳಿದ ರೊಟ್ಟಿ. ನಿಮಗೆಲ್ಲ ಬಿಸಿ ದೋಸೆ ಹಾಕಿ ಕೊಟ್ಟು, ತಾವು ಮೂಲ್ಯಾಗೆ ಕೂತು ತಂಗಳನ್ನಕ್ಕೆ ಮಜ್ಜಿಗೆ ಹಾಕ್ಕೊಂಡು ಉಣ್ತಿದ್ರು. ಆವಾಗ ಒಬ್ಬರಾದ್ರೂ, ಅಯ್ಯೋ ತಂಗಳು, ಬ್ಯಾಡ ಅಂದ್ರಾ? ಜೀವ ಇದ್ದಾಗ ದಿನಾ ತಂಗಳು ಉಣ್ಣಿಸಿದ ಮನೆ ಇದು. ಅವರೇ ಇಷ್ಟಪಟ್ಟು ತಿಂದಿದ್ದನ್ನ ಇವತ್ತು ತಂಗಳು ಅಂತೀರಲ್ಲ, ನಾಚಿಕೆ ಆಗಲ್ವಾ?"

 ಸಣ್ಣತ್ತೆಯ ಕೈಯಲ್ಲಿ ಒಂದು ಮೆಣಸಿನಕಾಯಿ ಹಾಗೇ ಇತ್ತು. ಅವರ ಮುಖ ಕೆಂಪಗಾಗಿತ್ತು. ನನಗೆ ಬೈಯುತ್ತಾರೆ ಎಂದು ಕಾದೆ. ಬೈದರು ಕೂಡ.

"ನಾನೂ ತಂಗಳೇ ಉಂಡು ಬಾಳುವೆ ಮಾಡೀನಿ ಕಣೇ. ನಾನೇನು ನಿನ್ನಂಗೆ ಬೀದಿಗೆ ಕೇಳಂಗೆ ಕೂಗಲಿಲ್ಲ."

"ಕೂಗಬೇಕಿತ್ತು ಸಣ್ಣತ್ತೆ."

ಅವರು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಎಲೆಯ ಮೇಲೆ ಇಟ್ಟರು. ಭಾವ ಗಡಿಯಾರ ನೋಡಿ, "ಏನಾದ್ರೂ ಇಟ್ಕೊಳ್ರವ್ವ ಅತ್ಲಾಗೆ, ಹೊತ್ತಾತು, ಹೊಟ್ಟೆ ಹಸೀತೈತಿ" ಅಂದರು. ನೋಡಿ, ಹಾಗೆ ಗೆದ್ದೆ ನಾನು! ನನ್ನ ಮಾತು ಸರಿ ಎಂದು ಒಬ್ಬರೂ ಒಪ್ಪಲಿಲ್ಲ. ಗಂಡಸರಿಗೆ ಹಸಿವಾಗಿತ್ತು, ಅದಕ್ಕೆ ದಾರಿ ಬಿಟ್ಟರು. ಗೆದ್ದ ಸಂತೋಷವೂ ನನಗೆ ಸಿಗಲಿಲ್ಲ. ಡಬ್ಬಿ ತಂದು ಚೌಕ ಕತ್ತರಿಸಿ ಅತ್ತೆಯ ಎಲೆಯ ನಡುವೆ ಇಟ್ಟೆ.  ಸಣ್ಣತ್ತೆ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಆರತಿ ಆಯಿತು.

ಆಮೇಲೆ ಊಟ. ಗಂಡಸರದು ಮೊದಲ ಪಂಕ್ತಿ. ಡಬ್ಬಿಯಲ್ಲಿ ಉಳಿದ ತಿರಾಮಿಸುವನ್ನು ಪ್ರಸಾದವೆಂದು ಎಲ್ಲರಿಗೂ ಒಂದೊಂದು ಚಮಚ ಬಡಿಸಿದೆ. ಕಹಿ ಎಂದು ಮುಖ ಕಿವುಚಿದ್ದ ಇದೇ ಭಾವ, "ಇನ್ನೊಂದೀಟು ಹಾಕಮ್ಮ" ಅಂದರು. ನನ್ನ ಗಂಡ ಡಬ್ಬಿಯನ್ನೇ ತಮ್ಮ ಕಡೆ ಎಳೆದುಕೊಂಡರು. ಕೇರಿಯಿಂದ ಊಟಕ್ಕೆ ಕರೆದವರೂ ಬಿಡಲಿಲ್ಲ. ಸಣ್ಣತ್ತೆಗೆ, ಓರಗಿತ್ತಿಗೆ, ನನಗೆ ಎಲೆ ಹಾಕುವ ಹೊತ್ತಿಗೆ ಡಬ್ಬಿ ಒಳಗೆ ಬಂತು. ಮೂಲೆಯನ್ನೂ ಬಿಡದೆ ಬಳಿದಿದ್ದರು. "ಮುಂದಿನ ಸಲ ಜಾಸ್ತಿ ಮಾಡು" ಎಂದು ನನ್ನ ಗಂಡ ನಗುತ್ತಾ ಹೇಳಿದರು. ಆ ಡಬ್ಬಿಯನ್ನು ಅವರ ತಲೆಗೆ ಎತ್ತಿ ಹಾಕಬೇಕು ಅನ್ನಿಸಿತು.

ಇನ್ನು ಉಳಿದದ್ದು ಅತ್ತೆಯ ಎಡೆಗೆ ಇಟ್ಟ ಚೌಕ ಒಂದೇ. ಎಡೆಯನ್ನು ಗಂಡುಮಕ್ಕಳು ಉಣ್ಣುವುದು ನಮ್ಮ ಮನೆಯ ಪದ್ಧತಿ. ಅಪ್ಪನದು ಹಿರಿಯ ಮಗನಿಗೆ, ಅವ್ವನದು ಕಿರಿಯ ಮಗನಿಗೆ. ಭಾವ ಮಾವನ ಎಲೆಯ ಮೆಣಸಿನಕಾಯಿ ಕಡಿಯುತ್ತಿದ್ದರು. ನನ್ನ ಗಂಡ, ಹೊಟ್ಟೆ ಬಿರಿಯುವಂತೆ ಉಂಡವರು, ಅವ್ವನ ಎಲೆಯ ಮುಂದೆ ಮತ್ತೆ ಚಕ್ಕಳಮಕ್ಕಳ ಹಾಕಿ ಕೂತು ತಿರಾಮಿಸುವಿಗೇ ಕೈ ಹಾಕಿದರು.

"ಏಳೋ ಮ್ಯಾಲಕ್ಕೆ."

ಸಣ್ಣತ್ತೆ. ಬಾಗಿಲಲ್ಲಿ ನಿಂತಿದ್ದರು.

"ಎಡೆ ಉಣ್ಣಾಕೆ ಕೂತೀನಿ ಸಣ್ಣತ್ತೆ."

"ಏಳು ಅಂದೆ. ಅದು ನಮ್ಮತ್ತಿಗೇದು. ಆಕೆ ಉಂಡಿದ್ದೆಲ್ಲ ನೀವು ಬಿಟ್ಟಿದ್ದೇ ಆತು. ಇವತ್ತು ಆಕೆ ಬಿಟ್ಟಿದ್ದನ್ನ ನಾವು ಉಣ್ತೀವಿ."

ಇವರು ಬಾಯಿ ತೆರೆದು ನೋಡಿ, ಕೈ ಒರೆಸಿಕೊಂಡು ಎದ್ದರು. ಸಣ್ಣತ್ತೆ ಎಲೆಯನ್ನು ಎರಡು ಕೈಯಲ್ಲಿ ಎತ್ತಿ ಅಡುಗೆಮನೆಗೆ ತಂದು ನಮ್ಮ ನಡುವೆ ಇಟ್ಟರು. ಬೆಳಿಗ್ಗೆ ತಂಗಳು ಎಂದು ಕೂಗಿದ ಅದೇ ಬಾಯಿಗೆ ಬೆರಳಲ್ಲಿ ಒಂದಿಷ್ಟು ಹಾಕಿಕೊಂಡರು. "ಕಹಿ ಐತಿ" ಅಂದರು. ಮತ್ತೆ ಹಾಕಿಕೊಂಡರು. ಮೂವರೂ ಒಂದೇ ಎಲೆಯಲ್ಲಿ ಕೈಯಿಟ್ಟು ಅದನ್ನು ಮುಗಿಸಿದೆವು.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಸಣ್ಣತ್ತೆ, ಬಿಡ್ತು ಅನ್ನಿ, ಕೇಳಬಾರದು, ಆದ್ರೂ ಕೇಳ್ತೀನಿ. ಮುಂದೆ ನಿಮ್ಮ ಎಡೆಗೆ ಏನು ಇಡಬೇಕು? ಈಗಲೇ ಹೇಳಿಬಿಡ್ರಿ. ಆಮೇಲೆ ಯಾರೋ ಬಂದು ಏನೋ ಇಡೋದು ಬ್ಯಾಡ" ಅಂದೆ.

ಅವರು ನಕ್ಕರು. "ನಂಗಾ? ನಂಗೇನವ್ವ..." ಎಂದು ಶುರುಮಾಡಿ ನಿಲ್ಲಿಸಿದರು. ಕಿಟಕಿಯ ಕಡೆ ನೋಡಿದರು. ಗಂಡನಿಗೆ ಎಳ್ಳು ಹೋಳಿಗೆ ಇಷ್ಟವಿತ್ತು ಅಂದರು. ದೊಡ್ಡ ಮಗನಿಗೆ ಬದನೆಕಾಯಿ ಎಣ್ಣೆಗಾಯಿ, ಸಣ್ಣವನಿಗೆ ಗಿರ್ಮಿಟ್ ಅಂದರು. ಅವರದ್ದಲ್ಲ, ನಿಮ್ಮದು ಹೇಳ್ರಿ ಅಂದೆ. ಆಗ ಅವರ ನಗು ಹೋಯಿತು. ಎಷ್ಟು ಹೊತ್ತು ಯೋಚಿಸಿದರೂ ಬಾಯಿಗೆ ಏನೂ ಬರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು, ಊರಿನವರಿಗೆಲ್ಲ ಬೇಕಾದ್ದನ್ನು ಬೇಯಿಸಿ ಹಾಕಿದವರು, ತನಗೇನು ಇಷ್ಟ ಎಂದು ನೆನಪಿಸಿಕೊಳ್ಳಲಾಗದೆ ಕೈಯ ಕೋಕೋ ಪುಡಿ ನೋಡುತ್ತಾ ಕೂತುಬಿಟ್ಟರು.

ಸಂಜೆ ಬಸ್ಸು ಹತ್ತಿಸಲು ಹೋದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮನಿಗೆ ಹೋಗಿ ಯೋಚ್ನೆ ಮಾಡ್ತೀನಿ. ಫೋನ್ ಮಾಡಿ ಹೇಳ್ತೀನಿ, ಆತಾ?" ಅಂದರು.

ದೀಪಾವಳಿ ಮುಗಿಯಿತು, ಸಂಕ್ರಾಂತಿಯೂ ಮುಗಿಯಿತು. ಅವರ ಫೋನ್ ಬರುತ್ತಿರುತ್ತದೆ. ಮಳೆ, ಬೆಳೆ, ಮೊಮ್ಮಕ್ಕಳು ಎಲ್ಲ ಮಾತಾಡುತ್ತಾರೆ. ಅದನ್ನು ಕೇಳಿದರೆ ಮಾತ್ರ, "ಇನ್ನೂ ಹೊಳೀತಾ ಇಲ್ಲ ಕಣವ್ವ" ಅನ್ನುತ್ತಾರೆ.